ಹನ್ನೆರಡನೆಯ ಚೀಟಿ

ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಕಥಾಸಂಗ್ರಹ ಕಚೇರಿಯ ಹಿಂದಿನ ಮೆಟ್ಟಿಲ ಬುಡದಲ್ಲಿ ಟೈಪಿಸ್ಟ್ ಹುಡುಗಿ ಬಿದ್ದಿದ್ದಳು. ಕತ್ತು ಒಂದು ಕಡೆಗೆ ಹೊರಳಿತ್ತು. ಚಪ್ಪಲಿ ಎರಡೂ ಕಾಲಲ್ಲೇ ಇದ್ದವು. ಬಿಚ್ಚಿದ ಕೂದಲು ಕೊನೆಯ ಮೆಟ್ಟಿಲಿನ ಮೇಲೆ ಹರಡಿತ್ತು.

ಮೊದಲು ಕಂಡವಳು ಅನುಮಾನದಕ್ಕ. ಜನ ಹೇಳಿದ ಕಥೆಗಳನ್ನು ಬರೆದಿಟ್ಟ ಚೀಟಿಗಳನ್ನು ಡ್ರಾಯರುಗಳಲ್ಲಿ ಜೋಡಿಸುವ ಗುಮಾಸ್ತೆ ಅವಳು. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವಳು. ಅದಕ್ಕೇ ಆ ಹೆಸರು. ಅವಳು ಕೂಗಲಿಲ್ಲ. ಬಗ್ಗಿ ಹುಡುಗಿಯ ಕೈ ಮುಟ್ಟಿದಳು. ತಣ್ಣಗಿತ್ತು. ತನ್ನದೇ ತಪ್ಪಿರಬಹುದೇನೋ ಎಂದು ಇನ್ನೊಂದು ಕೈಯನ್ನೂ ಮುಟ್ಟಿದಳು.

ಇನ್ಸ್‌ಪೆಕ್ಟರ್ ಬಂದರು. ಮೊದಲು ಬೀಗದ ಕೈ ನೋಡಿಕೊಳ್ಳುವ ಮುದುಕನನ್ನು ಕರೆದರು. ಕಚೇರಿಗೆಲ್ಲ ಅವನು ಬೀಗದ ಮಾವ.

"ನಿನ್ನೆ ಬಾಗಿಲು ಹಾಕಿದ್ದು ಎಷ್ಟೊತ್ತಿಗೆ?"

"ಆರು ಗಂಟೆಗೆ ಸಾರ್. ಯಾರಾದ್ರೂ ಇದೀರಾ ಅಂತ ಕೂಗ್ದೆ. ಯಾರೂ ಓ ಅನ್ಲಿಲ್ಲ."

"ಹಿಂದಿನ ಮೆಟ್ಟಿಲು ನೋಡಿದ್ರಾ?"

"ಕರೆಂಟ್ ಇರ್ಲಿಲ್ಲ. ಹಿಂದಿನ ಬಾಗಿಲು ಎಳೆದ್ರೆ ತಾನೇ ಬೀಗ ಬೀಳುತ್ತೆ. ಮಂಡಿ ನೋವು ಬೇರೆ." ಮಾವ ಬೀಗದ ಕೈಗೊಂಚಲನ್ನು ಮೇಜಿನ ಮೇಲಿಟ್ಟ. "ನೋಡ್ಬೇಕಿತ್ತು."

ಆಮೇಲೆ ಟೇಪಣ್ಣ. ಕಥೆಗಳನ್ನು ಧ್ವನಿಮುದ್ರಣ ಮಾಡುವವನು. ಹುಡುಗಿಯನ್ನು ಮದುವೆಗೆ ಕೇಳಿ ಇಲ್ಲ ಅನ್ನಿಸಿಕೊಂಡಿದ್ದವನು.

"ಸಿಟ್ಟಿತ್ತಾ?"

"ನಾಚಿಕೆ ಇತ್ತು ಸಾರ್. ನಾಲ್ಕೂವರೆಗೇ ಮನೆಗೆ ಹೋದೆ. ಅವಳೆದುರು ಓಡಾಡೋಕೆ ಆಗ್ತಿರ್ಲಿಲ್ಲ."

ಕಚೇರಿಯ ನಿರ್ದೇಶಕರು ಐದು ಗಂಟೆಗೆ ಹೊರಟಿದ್ದೆ ಎಂದರು. ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು. "ಹುಡುಗಿ ಮನಸ್ಸು ಅಷ್ಟು ಸರಿ ಇರಲಿಲ್ಲ ಇನ್ಸ್‌ಪೆಕ್ಟರೇ. ಇತ್ತೀಚೆಗೆ ಬರೀ ಸಾವಿನ ಕಥೆಗಳನ್ನೇ ಓದುತ್ತಿದ್ದಳು. ನಾನು ಜಾಸ್ತಿ ಹೇಳೋದು ಸರಿಯಲ್ಲ."

ಕೊನೆಗೆ ಅನುಮಾನದಕ್ಕ.

"ನಿಮಗೆ ಏನಾದ್ರೂ ವಿಚಿತ್ರ ಅನ್ನಿಸ್ತಾ?"

"ಕೂದಲು ಸರ್. ಅವಳು ಯಾವಾಗ್ಲೂ ನೀಲಿ ರಿಬ್ಬನ್ ಕಟ್ಟಿರ್ತಿದ್ಲು. ಒಂದ್ಸಲ ಜಡೆ ಟೈಪ್‌ರೈಟರ್ ಉರುಳೆಗೆ ಸಿಕ್ಕಿತ್ತು, ಅವತ್ತಿಂದ ಬಿಟ್ಟಿದ್ದೇ ಇಲ್ಲ."

"ನಿನ್ನೆ ಕಟ್ಟಿದ್ಲಾ?"

"ಕಟ್ಟಿದ್ಲು… ಅನ್ಸುತ್ತೆ."

"ಅನ್ಸುತ್ತೋ? ನೋಡಿದ್ರೋ?"

ಅನುಮಾನದಕ್ಕ ನೆನಪು ಕೆದಕಿದಳು. ನಿನ್ನೆ ಐದು ಗಂಟೆಗೆ ಸಂಜೆ ಕಾಲೇಜಿಗೆ ಹೊರಡುವಾಗ, ಇವತ್ತು ನಾನು ಬರಲ್ಲ ಎಂದು ಮೇಜಿಗೆ ತಿರುಗಿದ ಹುಡುಗಿಯ ಬೆನ್ನು ಕಂಡಿತ್ತು. ಬೆನ್ನಿನ ಮೇಲೆ ನೀಲಿ ಇತ್ತು. ಅಥವಾ ಅದು ಮೊನ್ನೆಯ ನೀಲಿಯೋ? ಅವಳು ಉತ್ತರ ಹುಡುಕುತ್ತಿರುವಾಗಲೇ ಇನ್ಸ್‌ಪೆಕ್ಟರ್ ಪುಸ್ತಕ ಮುಚ್ಚಿದರು.

ಕರೆಂಟ್ ಇಲ್ಲದ ಹೊತ್ತಲ್ಲಿ ಕಾಲು ಜಾರಿ ಸಾವು—ವರದಿ ಹೀಗಿತ್ತು. ಹಾರಿಕೊಂಡಳು—ಊರು ಹೀಗಂದಿತು. ಊರ ಬಾಯಿಗೆ ಮುಚ್ಚಳ ಎಲ್ಲಿ?

ತಿಂಗಳಾದ ಮೇಲೆ ಹುಡುಗಿಯ ತಾಯಿ ಬಂದಳು, ಮಗಳ ಕೊಡೆ ಮತ್ತು ಊಟದ ಡಬ್ಬಿ ಒಯ್ಯಲು. ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು.

"ಬಿದ್ದು ಸತ್ಲು ಅಂದ್ರೆ ಅಳ್ಬಹುದು ಕಣಮ್ಮ. ಹಾರ್ಕೊಂಡ್ಲು ಅಂತಾರಲ್ಲ, ಅದಕ್ಕೇನು ಮಾಡ್ಲಿ? ಚಿಕ್ಕವಳಿಗೆ ನೋಡಿದ್ದ ಸಂಬಂಧ ತಪ್ಪೋಯ್ತು. ಆ ಮನೆ ಹೆಣ್ಣುಮಕ್ಕಳು ಹಿಂಗೇ ಅಂದ್ರಂತೆ. ನೀನು ಅವಳ ಜೊತೆ ಸಂಜೆ ಕಾಲೇಜಿಗೆ ಹೋಗ್ತಿದ್ದೋಳು. ನಿಂಗೇನಾದ್ರೂ ಗೊತ್ತಾ?"

"ಗೊತ್ತಿಲ್ಲಮ್ಮ," ಎಂದಳು ಅನುಮಾನದಕ್ಕ. 'ಅನ್ಸುತ್ತೆ' ಎಂಬ ಮಾತನ್ನು ಈ ಸಲ ನುಂಗಿಕೊಂಡಳು.

ಅವತ್ತು ಅವಳು ದೆವ್ವಗಳ ಡ್ರಾಯರ್ ಎಳೆದು ಸಂಜೆಯವರೆಗೆ ಕೂತಳು. ಕೆರೆಗೆ ನೂಕಿಸಿಕೊಂಡವಳು. ವಿಷ ಉಂಡವಳು. ಬಾಗಿಲು ಹಾಕಿ ಬೆಂಕಿ ಇಟ್ಟಾಗ ಒಳಗುಳಿದವಳು. ಚೀಟಿಗಳನ್ನು ಸಾವಿನ ಬಗೆಗೆ ತಕ್ಕಂತೆ ಜೋಡಿಸಿತ್ತು. ಪ್ರತಿ ಚೀಟಿಯ ಕೆಳಗೂ ಒಂದೇ ಕಲಮು: ಹೇಳಿದವರು ಯಾರು? ಅದು ನಿರ್ದೇಶಕರೇ ಹಾಕಿದ ಕಟ್ಟಳೆ. ಕಥೆಯ ಒಂದೊಂದು ವಿವರವೂ ಒಬ್ಬರ ಬಾಯಿಂದ ಬಂದಿರಬೇಕು. ಬಾಯಿ ಇಲ್ಲದ ವಿವರದ ಚೀಟಿಯನ್ನು ಎಲ್ಲರೆದುರು ಹರಿದು ಬುಟ್ಟಿಗೆ ಹಾಕುತ್ತಿದ್ದರು. ಅನುಮಾನದಕ್ಕನ ಎಷ್ಟೋ ಚೀಟಿಗಳು ಹಾಗೆ ಹೋಗಿದ್ದವು.

ಹುಡುಗಿ ಒಮ್ಮೆ ಇದೇ ಡ್ರಾಯರಿನ ಮೇಲೆ ಮೊಣಕೈ ಊರಿ ಹೇಳಿದ್ದಳು: "ಅಕ್ಕ, ಹಾಯಾಗಿ ಸತ್ತವರು ಯಾರಾದ್ರೂ ದೆವ್ವ ಆಗಿದಾರಾ ನೋಡು. ಒಬ್ರೂ ಇಲ್ಲ. ದೆವ್ವ ಅಂದ್ರೆ ಯಾರೂ ಬರೆದುಕೊಳ್ಳದೇ ಹೋದ ದೂರು."

"ಎಲ್ಲಿ ಓದಿದೆ ಇದನ್ನ?"

"ಓದಿದ್ದಲ್ಲ, ಬರೀತಿರೋದು. ಮುಗಿದ ಮೇಲೆ ತೋರಿಸ್ತೀನಿ. ನೀನು ಮೂರು ಸಲ ಓದೋಳು, ಈಗ್ಲೇ ಕೊಟ್ರೆ ನಾನು ಮುದುಕಿ ಆಗ್ತೀನಿ."

ಆ ಬರಹ ಎಲ್ಲಿ? ಮೇಜಿನಲ್ಲಿರಲಿಲ್ಲ. ಮನೆಯಲ್ಲಿರಲಿಲ್ಲ. ಹುಡುಗಿ ಸತ್ತ ದಿನವೇ ಅದೂ ಮಾಯವಾಗಿತ್ತು. ಅದು ಯಾರ ಬಳಿ ಇದೆಯೋ, ಅವರಿಗೆ ಮೆಟ್ಟಿಲ ಮೇಲೆ ಏನಾಯಿತೆಂದು ಗೊತ್ತು. ಅವರು ಉಂಡು ಮಲಗಿ ಸುಖವಾಗಿದ್ದಾರೆ. ಹುಡುಗಿಯ ತಂಗಿ ಬಾಗಿಲು ಹಾಕಿಕೊಂಡು ಕೂತಿದ್ದಾಳೆ.

ಮರುದಿನ ಕಾಫಿ ತರುವ ಆಯಾಳ ಕಿವಿಯಲ್ಲಿ ಅನುಮಾನದಕ್ಕ ಒಂದು ಸುಳ್ಳು ಹೇಳಿದಳು. ಹುಟ್ಟಿದಂದಿನಿಂದ ಅಂಥ ಸುಳ್ಳು ಹೇಳಿದವಳಲ್ಲ.

"ಯಾರಿಗೂ ಹೇಳ್ಬೇಡಿ ಆಯಾ. ನಿನ್ನೆ ಐದೂವರೆಗೆ ಹಿಂದಿನ ಮೆಟ್ಟಿಲಲ್ಲಿ ಅವಳು ಕಂಡ್ಲು. ಕೂದಲು ಬಿಚ್ಕೊಂಡು, ಎದೆಗೆ ಕಪ್ಪು ಫೈಲು ಅವಚಿಕೊಂಡು. 'ನನ್ನ ಹಾಳೆ ಕೊಡಿ' ಅಂದ್ಲು."

ಕಪ್ಪು ಫೈಲು ಎಂದದ್ದು ಬರೀ ಊಹೆ. ಯಾರಿಗೂ ಹೇಳಬೇಡಿ ಎಂದದ್ದು ಮಾತ್ರ ಲೆಕ್ಕಾಚಾರ.

ವಾರದೊಳಗೆ ದೆವ್ವ ಮೂರು ಮಹಡಿ ಹತ್ತಿ ಇಳಿಯಿತು. ನಿರ್ದೇಶಕರು ನಕ್ಕರು. "ನಮ್ಮ ಮನೆಯಲ್ಲೇ ಕಥೆ ಹುಟ್ಟಿದೆ. ದಾಖಲಿಸಿ." ಎರಡು ತಿಂಗಳಲ್ಲಿ ಹನ್ನೊಂದು ಜನ ಹೇಳಿದ ಹನ್ನೊಂದು ಚೀಟಿಗಳಾದವು. ಬೀಗದ ಮಾವನ ದೆವ್ವ ಅಳುತ್ತಿತ್ತು. ಆಯಾಳ ದೆವ್ವಕ್ಕೆ ಪಾದವಿರಲಿಲ್ಲ. ಒಂಬತ್ತರಲ್ಲಿ ಕಪ್ಪು ಫೈಲು ಇತ್ತು, ಎರಡರಲ್ಲಿ ಬಿಡಿ ಹಾಳೆಗಳು.

ಒಂದು ಮಧ್ಯಾಹ್ನ ತಾಯಿ ಮತ್ತೆ ಬಂದಳು. ಡ್ರಾಯರಿನ ಪಕ್ಕ ನಿಂತು ಪಿಸುಗುಟ್ಟಿದಳು. "ನನ್ನ ಮಗಳು ಇಲ್ಲಿ ಓಡಾಡ್ತಾಳಂತೆ, ಹೌದಾ? ನಾನು ಐದೂವರೆ ತನಕ ಕೂತಿರ್ಲಾ? ನನಗೂ ಒಂದ್ಸಲ ಕಾಣ್ತಾಳಾ?"

ಕೂತಳು. ಆರರವರೆಗೂ ಮೆಟ್ಟಿಲ ಮೇಲೆ ಕೊಡೆ ಹಿಡಿದು ಕೂತಳು. ಬರಿಗೈಯಲ್ಲಿ ಹೋದಳು. ಆ ರಾತ್ರಿ ಅನುಮಾನದಕ್ಕನಿಗೆ ಅನ್ನ ಇಳಿಯಲಿಲ್ಲ. ಕೊಂದವರನ್ನು ಕಾಡಬೇಕಿದ್ದ ದೆವ್ವ ಹೆತ್ತವಳನ್ನು ಕಾಡಿತಲ್ಲ! ನಾಳೆಯೇ ಆಯಾಳೆದುರು ಸುಳ್ಳನ್ನು ಒಪ್ಪಿಕೊಂಡುಬಿಡಬೇಕು ಎಂದುಕೊಂಡಳು.

ಆದರೆ ಮರುದಿನ ನಿರ್ದೇಶಕರ ಭಾಷಣದ ಧ್ವನಿಮುದ್ರಣವಿತ್ತು. ದೆವ್ವಗಳ ಬಗ್ಗೆ ಅವರ ದೊಡ್ಡ ಪುಸ್ತಕ ಅಚ್ಚಿಗೆ ಹೋಗುವುದಿತ್ತು. ಟೇಪಣ್ಣ ಯಂತ್ರ ಹಾಕಿದ. ಅನುಮಾನದಕ್ಕ ಚೀಟಿಗಳನ್ನು ಹಿಡಿದು ಪಕ್ಕದಲ್ಲಿ ಕೂತಳು. ಭಾಷಣದ ಒಂದೊಂದು ವಿವರಕ್ಕೂ ಚೀಟಿ ಉಂಟೋ ಇಲ್ಲವೋ ನೋಡುವುದು ಅವಳ ಕೆಲಸ.

"ದೆವ್ವವೆಂದರೆ," ಎಂದು ನಿರ್ದೇಶಕರು ಶುರು ಮಾಡಿದರು, "ಯಾರೂ ಬರೆದುಕೊಳ್ಳದೇ ಹೋದ ದೂರು."

ಅನುಮಾನದಕ್ಕನ ಬೆರಳು ಚೀಟಿಯ ಮೇಲೆ ನಿಂತಿತು. ಹುಡುಗಿಯೇ ಅವರಿಗೆ ಹೇಳಿರಬಹುದು. ಅವರೇ ಹುಡುಗಿಗೆ ಹೇಳಿರಬಹುದು. ಅನುಮಾನ ಎರಡೂ ಕಡೆ ಎಳೆಯಿತು.

ನಿರ್ದೇಶಕರು ಮುಂದುವರಿಸಿದರು. "ಉದಾಹರಣೆಗೆ ನಮ್ಮ ಕಚೇರಿಯದೇ ಒಂದು ಕಥೆ. ದುರಂತ ಸಾವು ಕಂಡ ಹೆಣ್ಣು ಸಂಜೆ ಹೊತ್ತು ಬರುತ್ತಾಳೆ. ಕೆದರಿದ ಕೂದಲು, ಅಳುವ ದನಿ. ರಿಬ್ಬನ್ ಬಿಗಿದ ಕಂತೆಯೊಂದನ್ನು ಎದೆಗೆ ಅವಚಿಕೊಂಡಿದ್ದಾಳೆ, ಪಾದ ಕಾಣುವುದಿಲ್ಲ. ಗಮನಿಸಿ, ಎಲ್ಲ ದೆವ್ವಗಳಂತೆ ಇವಳೂ ತನ್ನ ವಸ್ತುವನ್ನು ವಾಪಸು ಕೇಳುತ್ತಾಳೆ…"

ಅಳುವ ದನಿ—ಚೀಟಿ ನಾಲ್ಕು. ಪಾದ—ಚೀಟಿ ಒಂದು. ಅನುಮಾನದಕ್ಕ ಹನ್ನೊಂದನ್ನೂ ತಿರುವಿದಳು. ಮತ್ತೆ ತಿರುವಿದಳು. ಮೂರನೆಯ ಸಲವೂ ತಿರುವಿದಳು. ರಿಬ್ಬನ್ ಬಿಗಿದ ಕಂತೆ ಯಾವ ಚೀಟಿಯಲ್ಲೂ ಇರಲಿಲ್ಲ.

ಭಾಷಣ ಮುಗಿದ ಮೇಲೆ, ದಿನವೂ ಕೇಳುವ ಹಾಗೆಯೇ ಕೇಳಿದಳು. "ಸರ್, ಕಂತೆಯ ವಿವರಕ್ಕೆ ಹೇಳಿದವರು ಯಾರು ಅಂತ ಬರೀಲಿ?"

"ಯಾವ ಕಂತೆ? ಓ, ಅದಾ… ಬೀಗದ ಮಾವ ಅಂತ ಬರಿ."

ಅವಳು ಬರೆಯಲಿಲ್ಲ. ಟೇಪಿನ ಸುರುಳಿಯನ್ನೂ ಹನ್ನೊಂದು ಚೀಟಿಗಳನ್ನೂ ಕೈಚೀಲಕ್ಕೆ ಹಾಕಿಕೊಂಡು ನೇರ ಪೊಲೀಸ್ ಠಾಣೆಗೆ ನಡೆದಳು.

"ಈ ಸಲ 'ಅನ್ಸುತ್ತೆ' ಅಂದ್ರೆ ನಾನು ಎದ್ದು ಹೋಗ್ತೀನಿ," ಎಂದರು ಇನ್ಸ್‌ಪೆಕ್ಟರ್.

"ಅನ್ಸೋದಲ್ಲ ಸರ್. ಮೂರು ಸಲ ಓದಿದೀನಿ."

ಮರುದಿನ ಹನ್ನೊಂದು ಗಂಟೆಗೆ ಎಲ್ಲರೂ ಚೀಟಿಕೋಣೆಯಲ್ಲಿ ಸೇರಿದರು. ಟೇಪಣ್ಣ ಆ ವಾಕ್ಯಗಳನ್ನು ಕೇಳಿಸಿದ. ನಿರ್ದೇಶಕರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

"ಇದರಲ್ಲೇನಿದೆ? ಮಾವ ಹೇಳಿದ್ದು."

"ನಾನಾ?" ಬೀಗದ ಮಾವ ಹಣೆ ಗಂಟಿಕ್ಕಿದ. "ನಾನು ಅಂದದ್ದು ಕಪ್ಪು ಫೈಲು. ಚೀಟಿ ತೆಗೆದು ನೋಡಿ ಸಾರ್. ನನ್ನ ಮಂಡಿ ಹೋಗಿದೆ, ನಾಲಿಗೆ ಇನ್ನೂ ನೆಟ್ಟಗಿದೆ."

"ಹಾಗಾದರೆ ಟೇಪಣ್ಣ."

"ಆ ಕಥೆ ನಾನು ಯಾರಿಗೂ ಹೇಳಿಲ್ಲ ಸರ್," ಎಂದ ಟೇಪಣ್ಣ. "ನನ್ನ ಬಾಯಲ್ಲಿ ಅದು ಬರಲ್ಲ."

"ಸರಿ, ಎಲ್ಲೋ ಕೇಳಿರ್ತೀನಿ. ಊಹೆ ಅಂತಿಟ್ಕೊಳ್ಳಿ."

ಅನುಮಾನದಕ್ಕ ಎದ್ದು ನಿಂತಳು. "ಊಹೆಗೆ ದಾರ ಬರಬಹುದಿತ್ತು ಸರ್. ಹಗ್ಗ ಬರಬಹುದಿತ್ತು. ರಿಬ್ಬನ್ನೇ ಯಾಕೆ ಬಂತು? ಅವತ್ತು ಅವಳ ತಲೇಲಿ ರಿಬ್ಬನ್ ಇರಲಿಲ್ಲ. ಎಲ್ಲಿ ಹೋಯ್ತು ಅಂತ ನನಗೂ ಗೊತ್ತಿರಲಿಲ್ಲ, ಪೊಲೀಸರಿಗೂ ಗೊತ್ತಿರಲಿಲ್ಲ. ನಿಮ್ಮ ಬಾಯಿಂದಲೇ ನಿನ್ನೆ ತಿಳೀತು. ಬರಹ ಅವಳ ಸ್ವಂತದ್ದು, ಕಚೇರಿಯ ಫೈಲಿಗೆ ಹಾಕೋ ಹಾಗಿಲ್ಲ. ಅದಕ್ಕೆ ತಲೆಯ ರಿಬ್ಬನ್ ಬಿಚ್ಚಿ ಕಟ್ಟಿದ್ಲು. ಕಟ್ಟಿದ್ದನ್ನ ನೋಡಿದವರು ಒಬ್ಬರೇ. ಆ ಕಂತೆ ಅವಳ ಎದೆ ಮೇಲಿದ್ದಾಗ ಮೆಟ್ಟಿಲ ಮೇಲೆ ಎದುರಿಗಿದ್ದವರು."

"ಆ ದೆವ್ವದ ಕಥೆ ಮೊದಲು ಹೇಳಿದ್ದು ನೀನೇ ಅಂತ ಆಯಾ ಹೇಳಿದಾಳೆ. ಸುಳ್ಳುಗಾರ್ತಿ."

"ಹೌದು ಸರ್. ದೆವ್ವ ಸುಳ್ಳು. ಅದರ ಕೈಲಿದ್ದ ಫೈಲೂ ಸುಳ್ಳು. ನಿಮ್ಮ ಕೈಲಿ ತಪ್ಪು ಚೀಟಿ ಇದ್ದರೆ ನಿಮಗೆ ತಡ್ಕೊಳ್ಳೋಕಾಗಲ್ಲ. ತಿದ್ದಿಬಿಟ್ರಿ."

ಟೇಪಣ್ಣ ಯಂತ್ರ ಆರಿಸಿದ. ಇನ್ಸ್‌ಪೆಕ್ಟರ್ ಕೈ ಚಾಚಿದರು. "ನಿಮ್ಮ ಕಬ್ಬಿಣದ ಬೀರುವಿನ ಬೀಗದ ಕೈ ಕೊಡಿ."

ಕಂತೆ ಕೆಳಗಿನ ಅರೆಯಲ್ಲಿತ್ತು. ನೀಲಿ ರಿಬ್ಬನ್ ಬಿಚ್ಚಿ, ಓದಿ, ಮತ್ತೆ ಅದರಲ್ಲೇ ಕಟ್ಟಿಟ್ಟಿದ್ದರು. ಗಂಟಿನಲ್ಲಿ ಎರಡು ಉದ್ದನೆಯ ಕೂದಲು ಸಿಕ್ಕಿಕೊಂಡಿದ್ದವು.

"ಯಾಕೆ ಸುಡಲಿಲ್ಲ?" ಇನ್ಸ್‌ಪೆಕ್ಟರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಬೇರೆ ಪ್ರತಿ ಇರಲಿಲ್ಲ," ನಿರ್ದೇಶಕರ ದನಿ ಕುಸಿಯಿತು. "ಕೊನೆಯ ಅಧ್ಯಾಯ ಇನ್ನೂ ನಕಲು ಮಾಡ್ಕೊಂಡಿರಲಿಲ್ಲ. ಮೊದಲ ಭಾಗ ಓದಿ ಅಂತ ಅವಳೇ ಕೊಟ್ಟಿದ್ಲು. ನನ್ನ ಹಸ್ತಪ್ರತಿ ಟೈಪ್ ಮಾಡುವಾಗ ಅದರಲ್ಲಿ ತನ್ನ ಬರಹವೇ ಕಂಡಿದ್ದಕ್ಕೆ ಎಲ್ಲರಿಗೂ ಹೇಳ್ತೀನಿ ಅಂದ್ಲು. ನಾನು ತಳ್ಳಲಿಲ್ಲ. ಕಂತೆ ಎಳೆದೆ, ಅಷ್ಟೆ. ಅವಳು ಬಿಡಲಿಲ್ಲ. ಆಮೇಲೆ… ಬಿಟ್ಲು."

"ಕೆಳಗಿಳಿದು ಎತ್ಕೊಂಡಿದ್ದು ಕಂತೆಯನ್ನ. ಆಗ ಅವಳಿಗೆ ಉಸಿರಿತ್ತಾ?"

ನಿರ್ದೇಶಕರು ಹೌದೆಂದು ತಲೆಯಾಡಿಸಿದರು. "ನಾನು ಕೂಗಿದಾಗ್ಲೂ ಇತ್ತೇನೋ," ಎಂದ ಬೀಗದ ಮಾವ.

ಪೊಲೀಸರ ಜೊತೆ ಹೊರಡುವಾಗ ನಿರ್ದೇಶಕರು ಅನುಮಾನದಕ್ಕನ ಮೇಜಿನ ಬಳಿ ನಿಂತರು. "ನಿನಗೆ ಕಟ್ಟಳೆ ಗೊತ್ತಲ್ಲ. ಕಟ್ಟುಕಥೆಯ ಚೀಟಿ ಡ್ರಾಯರಲ್ಲಿ ಇರಬಾರದು. ಆ ಹನ್ನೊಂದನ್ನೂ ಹರಿದುಹಾಕು."

"ಹರೀತೀನಿ ಸರ್," ಎಂದಳು. ಅವರೆದುರೇ ಹನ್ನೊಂದನ್ನೂ ಒಂದೊಂದಾಗಿ ಹರಿದು ಬುಟ್ಟಿಗೆ ಹಾಕಿದಳು. ಆಮೇಲೆ ಹೊಸ ಚೀಟಿ ತೆಗೆದು ದುಂಡಗೆ ಬರೆದಳು. ಬರೆದದ್ದನ್ನು ಅವರ ಕಡೆ ತಿರುಗಿಸಿ ಹಿಡಿದಳು.

"ಇದಕ್ಕೆ ಹೇಳಿದವರಿದ್ದಾರೆ. ಜೈಲು ಯಾವತ್ತಾದ್ರೂ ಮುಗಿಯುತ್ತೆ ಸರ್. ನಿಮ್ಮ ಪುಸ್ತಕ ಬರಲ್ಲ, ಅವಳದ್ದು ಬರುತ್ತೆ. ಅದರ ಕೊನೇಲಿ ಈ ಚೀಟಿ ಇರುತ್ತೆ. ಓದಿದವರೆಲ್ಲ ಇನ್ನೊಬ್ಬರಿಗೆ ಹೇಳ್ತಾರೆ. ಕಥೆ ಹೇಗೆ ಓಡಾಡುತ್ತೆ ಅಂತ ನಿಮಗೆ ನಾನು ಹೇಳಬೇಕಾ?"

ಅವರು ಚೀಟಿಯಿಂದ ಮುಖ ತಿರುಗಿಸಿದರು. ಅವರು ಮುಖ ತಿರುಗಿಸಿದ್ದು ನೋಡಿ ಅವಳಿಗೆ ಹಿತವಾಯಿತು. ಹಿತವಾಯಿತಲ್ಲ ಎಂದು ಈ ಸಲ ಅಳುಕಲಿಲ್ಲ.

ಸಂಜೆ ಅದರ ನಕಲು ಹಿಡಿದು ಹುಡುಗಿಯ ಮನೆಗೆ ಹೋದಳು. ತಂಗಿ ಬಾಗಿಲು ತೆರೆದಳು. ದೆವ್ವ ತಾನು ಹೇಳಿದ ಸುಳ್ಳು, ಮೆಟ್ಟಿಲ ಮೇಲೆ ಕಾಯಿಸಿದ್ದಕ್ಕೆ ತಪ್ಪಾಯ್ತು ಎಂದು ಅನುಮಾನದಕ್ಕ ಮೊದಲು ತಾಯಿಗೆ ಹೇಳಿದಳು. ತಾಯಿ ಚಾಪೆ ಹಾಸಿದಳು. ಆಮೇಲೆ, "ಅದೇನು ಬರೆದಿದೀಯೋ ಓದು," ಎಂದಳು.

"ಸತ್ತವಳು: ಈ ಕಚೇರಿಯ ಟೈಪಿಸ್ಟ್. ಸಾವಿನ ಬಗೆ: ಜಾರಿದ್ದಲ್ಲ, ಹಾರಿದ್ದಲ್ಲ. ಕೊಲೆ. ಕೈಯಲ್ಲಿದ್ದದ್ದು: ನೀಲಿ ರಿಬ್ಬನ್ ಬಿಗಿದ, ತಾನೇ ಬರೆದ ಕಂತೆ. ಕೊಂದವರು: ನಿರ್ದೇಶಕರು. ಹೇಳಿದವರು ಯಾರು: ಅವರೇ."

ತಾಯಿ ಬಾಗಿಲನ್ನು ಬೀದಿಯ ಕಡೆಗೆ ಪೂರ್ತಿ ತೆರೆದಳು. ಅಕ್ಕಪಕ್ಕದ ಮನೆಗಳ ಕಿಟಕಿಗಳು ತೆರೆದಿದ್ದವು.

"ಇನ್ನೊಂದ್ಸಲ ಓದಮ್ಮ," ಎಂದಳು. "ಸ್ವಲ್ಪ ಗಟ್ಟಿಯಾಗಿ."

ಅನುಮಾನದಕ್ಕ ಓದಿದಳು. ಮೂರನೆಯ ಸಲ ಯಾರೂ ಕೇಳದೆಯೇ ಓದಿದಳು.