ಬೀಗ ಬೀಳದ ಶಾಲೆ

"ಅಳತೆ ಬೇಡ. ಟೇಪು ಸುತ್ಕೊಂಡು ಹೊರಡಿ."

ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಕಂಪನಿ ಬಸ್ಸಿನಿಂದ ಇಳಿದಿದ್ದ ಮುನಿಲಕ್ಷ್ಮಿ, ಹಳೆ ಶಾಲೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಎದುರಿಗಿದ್ದವನು ಪಂಚಾಯಿತಿಯ ಹೊಸ ಇಂಜಿನಿಯರ್ ಕಾಂತರಾಜ್. ಏನೋ ಹೇಳಲು ಹೊರಟವನು, ನಿದ್ದೆಗೆಟ್ಟ ಅವಳ ಕಣ್ಣು ನೋಡಿ ಟೇಪು ಸುತ್ತತೊಡಗಿದ.

ನರಸಾಪುರದ ಪಕ್ಕದ ಆ ಊರಿನ ಮಕ್ಕಳೆಲ್ಲ ವ್ಯಾನು ಹತ್ತಿ ಕಾನ್ವೆಂಟಿಗೆ ಹೋಗತೊಡಗಿದ ಮೇಲೆ ಶಾಲೆ ಮುಚ್ಚಿತ್ತು. ಅದನ್ನು ಮತ್ತೆ ತೆರೆಸಿದವಳು ಮುನಿಲಕ್ಷ್ಮಿ. ಫ್ಯಾಕ್ಟರಿಗೆ ಹೋಗುವ ತಾಯಂದಿರ ಇಪ್ಪತ್ತೆರಡು ಎಳೆಮಕ್ಕಳನ್ನು ಅಲ್ಲಿ ಆಂಜಿನಮ್ಮ ಎಂಬ ಅಜ್ಜಿ ನೋಡಿಕೊಳ್ಳುತ್ತಿದ್ದಳು.

ಈಗ ಪಂಚಾಯಿತಿ ಸದಸ್ಯ ಗಂಗುಲಪ್ಪ ಅದನ್ನು ಕೆಡವಿಸಿ ಗೋಡೌನ್ ಮಾಡಿಸಲು ಓಡಾಡುತ್ತಿದ್ದ. ಅಂಥ ಹೊತ್ತಿನಲ್ಲೇ ಈ ಇಂಜಿನಿಯರ್...

'ಇವನೂ ಅವರ ಕಡೆಯವನೇ' ಎಂದುಕೊಂಡಳು.

ಕಾಂತರಾಜ್ ಮತ್ತೆರಡು ಸಲ ಬಂದ. ಯಾರೂ ಅವನನ್ನು ಮಾತಾಡಿಸದಂತೆ ನೋಡಿಕೊಂಡಳು. ಒಂದು ದಿನ ಜಗಲಿಯಲ್ಲಿ ಮಗುವೊಂದು ಅವನ ತೊಡೆಯ ಮೇಲೆ ಮಲಗಿಬಿಟ್ಟಿತ್ತು. ಅದು ಏಳುವವರೆಗೂ ಅವನು ಅಲುಗಾಡಲಿಲ್ಲ. ದೂರದಿಂದ ನೋಡಿದ ಮುನಿಲಕ್ಷ್ಮಿಯ ಎದೆ ಯಾಕೋ ಮೆತ್ತಗಾಯಿತು. 'ನಾಟಕ' ಎಂದು ಮನಸ್ಸಿಗೆ ಹೇಳಿಕೊಂಡಳು.

ಗ್ರಾಮಸಭೆಯಲ್ಲಿ ಗಂಗುಲಪ್ಪ, ಕಟ್ಟಡ ಶಿಥಿಲವಾಗಿದೆ, ವರದಿ ಓದಿ ಎಂದ. ಕಾಂತರಾಜ್ ಎದ್ದು ನಿಂತ. ಗೋಡೆ ಗಟ್ಟಿಯಾಗಿದೆ, ಒಂದು ಕೋಣೆಯ ಹೆಂಚು ಬದಲಿಸಿದರೆ ಸಾಕು, ಮಕ್ಕಳಿಗಾಗಿಯೇ ಉಳಿಸಬೇಕು ಎಂದು ಓದಿದ.

"ನಾನು ಹೇಳಿದ್ದೊಂದು, ನೀವು ಬರೆದಿದ್ದೊಂದಾ?" ಎಂದ ಗಂಗುಲಪ್ಪ.

"ಕಂಡಿದ್ದನ್ನ ಬರ್ದಿದೀನಿ."

ರಜೆ ಹಾಕಿ ಬಂದಿದ್ದ ಹೆಂಗಸರೆಲ್ಲ ಕೈ ಎತ್ತಿದರು. ಶಾಲೆ ಊರಿಗೇ ಉಳಿಯಿತು.

ಮುನಿಲಕ್ಷ್ಮಿಗೆ ಮಾತ್ರ ತಲೆ ಎತ್ತಲಾಗಲಿಲ್ಲ.

ವಾರದೊಳಗೆ ಕಾಂತರಾಜನಿಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಸುದ್ದಿ ತಿಳಿದ ಮೇಲೆ ಅವಳಿಗೆ ಪಾಳಿಯಲ್ಲಿ ಕೈ ಓಡಲಿಲ್ಲ. ತಮ್ಮ-ತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ಮೂವತ್ತನಾಲ್ಕು ತುಂಬಿತ್ತು. ಮನಸ್ಸಿನ ಆ ಬಾಗಿಲು ಮುಚ್ಚಿಯೇ ಹೋಯಿತು ಎಂದುಕೊಂಡಿದ್ದಳು...

ವಾರದ ರಜೆಯ ದಿನ ಶ್ರೀನಿವಾಸಪುರದ ಬಸ್ಸು ಹತ್ತಿದಳು.

ಅವನು ಕಚೇರಿ ಎದುರಿನ ಹೊಂಗೆ ಮರದ ಕೆಳಗೆ ಒಬ್ಬನೇ ಕುಳಿತು ಊಟದ ಡಬ್ಬಿ ಬಿಚ್ಚುತ್ತಿದ್ದ.

"ಶಾಲೆ ಕೆಡವೋಕೆ ಬಂದಿಲ್ಲ ಅಂತ ಅವತ್ತೇ ಹೇಳ್ಬಹುದಿತ್ತಲ್ಲ ಸಾರ್."

"ಹೇಳಿದ್ರೆ ನನ್ನ ಬದ್ಲು ಬೇರೆಯವ್ರನ್ನ ಕಳಿಸ್ತಿದ್ರು."

"ನಾನು ಏನೇನೋ ಅಂದ್ಬಿಟ್ಟೆ..."

ಅವನು ತಲೆಯಾಡಿಸಿದ. ಐದು ವರ್ಷ ಹಾಸಿಗೆ ಹಿಡಿದಿದ್ದ ಅಮ್ಮ ಹೋದ ಮೇಲೆ ತನ್ನ ಮನೆಯಲ್ಲಿ ಬೈಯುವುದಕ್ಕೂ ಯಾರೂ ಇಲ್ಲ ಎಂದ. ಆಮೇಲೆ ನೆಲ ನೋಡುತ್ತಾ ಹೇಳಿದ. "ಆ ಮನೆಗೆ ನೀವು ಬಂದ್ರೆ ಚೆನ್ನಾಗಿರುತ್ತೆ ಅಂತ ದಿನಾ ಅನ್ಕೊತೀನಿ."

ಅವಳ ಕಣ್ಣು ತುಂಬಿತು.

"ಪ್ರೀತಿ ಪ್ರೇಮ ಅನ್ನೋಕೆ ನನ್ನಲ್ಲಿ ಶಕ್ತಿ ಉಳಿದಿಲ್ಲ. ತುಂಬಾ ದಣಿದಿದೀನಿ" ಎಂದಳು.

"ನಾನೂ ಅಷ್ಟೇ. ಜೊತೇಲಿ ಕೂತು ಸುಧಾರಿಸ್ಕೊಳ್ಳೋಣ. ಆಗ್ಬೋದಾ?"

ಅವಳು ಅವನ ಪಕ್ಕದಲ್ಲಿ ಕುಳಿತಳು.

ಅವನು ಡಬ್ಬಿಯನ್ನು ಮೆಲ್ಲಗೆ ಅವಳತ್ತ ಸರಿಸಿದ.

"ಊಟ ಆಯ್ತಾ... ಲಕ್ಷ್ಮೀ?"

"ಇಲ್ಲ. ನೀನು ಮೊದ್ಲು ತಿನ್ನು."