ಬಿಚ್ಚಿಟ್ಟ ಆಶ್ರಮ

2008ರ ಜನವರಿ 21, ಸೋಮವಾರ. ಬೆಳಿಗ್ಗೆ ಎಂಟೂವರೆಗೆ ಗಡಿಯಾಚೆಯ ತಮಿಳು ಸೀಮೆಯ ತಳಿ ಠಾಣೆಗೆ ಬಂದ ದೂರು ಆನೆಯ ಮೇಲಿತ್ತು.

ಇನ್ಸ್‌ಪೆಕ್ಟರ್ ಅಶ್ವತ್ಥಪ್ಪ ಎರಡು ದಿನ ಕೃಷ್ಣಗಿರಿಯಲ್ಲಿ ಬಂದೋಬಸ್ತ್ ಮುಗಿಸಿ ಆಗಷ್ಟೇ ಕುರ್ಚಿಗೆ ಬಿದ್ದಿದ್ದರು. ಕಣ್ಣು ಉರಿಯುತ್ತಿತ್ತು. ಎದುರಿಗೆ ಕೂತವನು ವೇಣು, ಬೆಂಗಳೂರಿನ ಧಾರಾವಾಹಿ ಕಂಪನಿಯೊಂದರ ಮ್ಯಾನೇಜರ್. 'ಕರಿಬೆಟ್ಟದ ಚಂದ್ರಿ' ಎಂಬ ಐದು ಸಂಪುಟಗಳ ಮಾಯಾಲೋಕದ ಕಾದಂಬರಿಯನ್ನು ಟಿವಿಗೆ ತರಲು ಅವರು ಜವಳಗಿರಿಯ ಹತ್ತಿರ ಸೆಟ್ ಹಾಕಿದ್ದರು. ಜಾಹೀರಾತು ಆಗಲೇ ಬರುತ್ತಿತ್ತು. ಗುರುವಾರ ಮೊದಲ ಕಂತು ಕೈಗೆ ಸಿಗದಿದ್ದರೆ ಚಾನಲ್‌ನವರು ಆ ಹೊತ್ತನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಬಾಕಿಯಿದ್ದದ್ದು ಆಶ್ರಮದ ದೃಶ್ಯವೊಂದೇ. ಆಶ್ರಮದ ಸೆಟ್ಟು ಈಗ ನೆಲಕ್ಕೆ ಬಿದ್ದಿತ್ತು; ರಾತ್ರಿ ಆನೆ ಕೆಡವಿತೆಂದು ವೇಣುವಿನ ದೂರು.

"ಆನೆ ಮೇಲೆ ಎಫ್‌ಐಆರ್ ಹಾಕಕ್ಕಾಗಲ್ಲ ಕಣ್ರೀ. ಫಾರೆಸ್ಟ್‌ನವರ ಹತ್ರ ಹೋಗಿ."

"ಹೋಗಿದ್ದೆ ಸಾರ್. ಅವರು ನಿಮ್ಮ ಹತ್ರ ಕಳ್ಸಿದ್ರು."

ಅಶ್ವತ್ಥಪ್ಪ ನಿಟ್ಟುಸಿರಿಟ್ಟು ಟೋಪಿ ಎತ್ತಿಕೊಂಡರು. ಯಾರಿಗೂ ಬೇಡದ ಕೆಲಸ ಸುತ್ತಿ ಬಳಸಿ ಕೊನೆಗೆ ಪೊಲೀಸರ ಬಾಗಿಲಿಗೇ ಬರುತ್ತದೆ.

ಹತ್ತೂವರೆಗೆ ಸೆಟ್ಟಿನಲ್ಲಿ ಪಂಚನಾಮೆ ಶುರುವಾಯಿತು. ಪ್ಲೈವುಡ್ಡಿನ ಅರಮನೆ ತನ್ನ ಸುಳ್ಳು ಚಿನ್ನದ ಗೋಪುರಗಳ ಸಮೇತ ನೆಟ್ಟಗೆ ನಿಂತಿತ್ತು. ಪಕ್ಕದ ಆಶ್ರಮ ಮಾತ್ರ ಚೌಕಟ್ಟು ಕಳಚಿ ಮಕಾಡೆ ಮಲಗಿತ್ತು. ಕಾವಲುಗಾರ ಮುತ್ತರಾಯಪ್ಪ ಕೈಕಟ್ಟಿ ನಿಂತಿದ್ದ.

"ಆನೇನೇ ಸ್ವಾಮಿ. ಒಂಟಿ ಸಲಗ. ನನ್ನ ಕಣ್ಣಾರೆ ಕಂಡಿವ್ನಿ."

ಆಶ್ರಮಕ್ಕೆ ಅಲಂಕಾರವೆಂದು ಗೊನೆ ಸಮೇತ ನಿಲ್ಲಿಸಿದ್ದ ಬಾಳೆಗಿಡಗಳನ್ನು ಅಶ್ವತ್ಥಪ್ಪ ನೋಡಿದರು. ಒಂದು ಎಲೆಯೂ ಹರಿದಿರಲಿಲ್ಲ.

"ನಿನ್ನ ಸಲಗ ಏಕಾದಶಿ ಉಪವಾಸ ಇತ್ತೇನಯ್ಯಾ?"

ಮುತ್ತರಾಯಪ್ಪ ನೆಲ ನೋಡಿದ. "ಚಳಿ ಜಾಸ್ತಿ ಇತ್ತು, ಮನೇಗ್ ಹೋಗ್ಬುಟ್ಟಿದ್ದೆ ಸ್ವಾಮಿ. ಬೆಳಿಗ್ಗೆ ಬಂದು ನೋಡಿದ್ರೆ ಹಿಂಗಾಗಿತ್ತು. ಕೆಲ್ಸ ಹೋಗ್ಬುಡ್ತದೆ ಅಂತ ಆನೆ ಹೆಸ್ರು ಹೇಳ್ದೆ."

ಅಷ್ಟರಲ್ಲಿ ಹುಣಸೆಮರದ ಬುಡದಿಂದ ಕಾನ್‌ಸ್ಟೇಬಲ್ ಮುನಿಶಾಮಿ ಕೂಗಿದ. "ಸಾರ್, ಇಂಗೆ ಪಾರುಂಗ! ಇಲ್ನೋಡಿ!"

ಅವನ ಕೈಯಲ್ಲೊಂದು ಹಳೆಯ ಪೇಂಟ್ ಡಬ್ಬಿ, ತುಂಬ ಬೋಲ್ಟುಗಳು. ಪ್ರತಿ ಬೋಲ್ಟಿಗೂ ಅದರದರ ವಾಷರ್ ತೊಡಿಸಿ, ನಟ್ಟನ್ನು ತಿರುಗಿಸಿ ಕೂರಿಸಿತ್ತು.

"ನಮ್ಮ ಹುಡುಗ್ರು ಹೀಗೆಲ್ಲ ಇಡಲ್ಲ ಸಾರ್," ವೇಣು ಹೇಳಿದ. "ಬಿಚ್ಚಿದ್ದನ್ನ ಅಲ್ಲಲ್ಲೇ ಎಸೀತಾರೆ."

ಅಶ್ವತ್ಥಪ್ಪನವರ ಭಾವಮೈದುನ ಕಾರ್ಖಾನೆಯಲ್ಲಿ ಫಿಟ್ಟರ್. ಮನೆಯ ಫ್ಯಾನು ಬಿಚ್ಚಿದರೂ ನಟ್ಟು ಕಳೆಯಬಾರದೆಂದು ಬೋಲ್ಟಿಗೇ ತಿರುಗಿಸಿ ಇಡುತ್ತಿದ್ದ. ಇಲ್ಲಿ ಹಾಳು ಮಾಡಲು ಬಂದ ಕೈಯನ್ನೂ ಅಂಥದೇ ರೂಢಿ ಬಿಟ್ಟಿರಲಿಲ್ಲ.

"ಫ್ಯಾಕ್ಟರಿಯವರು ಯಾರಾದ್ರೂ ಇಲ್ಲಿಗೆ ಬಂದಿದ್ರಾ?"

"ಇಲ್ಲ ಸಾರ್." ವೇಣು ಡಬ್ಬಿಯನ್ನು ಮತ್ತೊಮ್ಮೆ ನೋಡಿದ. "ಕಾದಂಬರಿ ಬರೆದ ರಾಮಚಂದ್ರಪ್ಪನವರು ಶುಕ್ರವಾರ ಬಂದಿದ್ರು. ಅವರು ಹೊಸೂರಲ್ಲಿ ಫಿಟ್ಟರ್. ರಿಹರ್ಸಲ್ ನೋಡಿ, ಊಟಾನೂ ಮಾಡ್ದೆ ಹೊರಟುಹೋದ್ರು."

"ಯಾವುದರ ರಿಹರ್ಸಲ್?"

"ಇದೇ ಆಶ್ರಮದ್ದು. ಚಂದ್ರಿಗೆ ಒಂದು ಕಾಲು ಕುಂಟು. ಋಷಿ ಮಂತ್ರ ಹಾಕಿ ಸರಿ ಮಾಡ್ತಾನೆ, ಅವಳು ಓಡ್ತಾಳೆ. ನಾಯಕಿ ದಿನಾ ಕುಂಟ್ಕೊಂಡು ಬಂದ್ರೆ ಜನ ನೋಡಲ್ಲ ಅಂತ ಚಾನಲ್‌ನವರು ಹೇಳಿದ್ರು."

"ಪುಸ್ತಕದಾಗೂ ಹಂಗೇ ಐತಾ?"

"ಪುಸ್ತಕದಲ್ಲಿ ಆಶ್ರಮಾನೇ ಇಲ್ಲ ಸಾರ್."

ಮಧ್ಯಾಹ್ನ ಠಾಣೆಯಲ್ಲಿ ಅತಿಕ್ರಮ ಪ್ರವೇಶ, ಆಸ್ತಿ ಹಾನಿಯೆಂದು ಕಲಂ 447, 427ರಡಿ ಎಫ್‌ಐಆರ್ ಆಯಿತು. ನಾಲ್ಕು ಗಂಟೆಗೆ ಜೀಪು ಹೊಸೂರಿನ ಮೂಕಂಡಪಲ್ಲಿಯ ಒಂದು ವಠಾರದ ಮುಂದೆ ನಿಂತಿತು. ಬಾಗಿಲು ತೆರೆದವಳು ಹದಿನೆಂಟರ ಹುಡುಗಿ. ಬಲಗಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿತ್ತು. ಅವಳನ್ನು ಕಂಡಾಗಲೇ ಅಶ್ವತ್ಥಪ್ಪನವರಿಗೆ ಕೇಸು ಮುಗಿದುಹೋಯಿತು. ಮುಗಿಯದಿದ್ದರೇ ಚೆನ್ನಾಗಿತ್ತು ಎಂದೂ ಅನಿಸಿತು.

ಒಳಗಿದ್ದ ರಾಮಚಂದ್ರಪ್ಪ ಏನನ್ನೂ ಕೇಳದೆ ಅಂಗಿ ಹಾಕಿಕೊಂಡರು. "ಶ್ಯಾಮಲಾ, ಅಮ್ಮ ಗಾರ್ಮೆಂಟ್ಸಿಂದ ಬಂದ್ಮೇಲೆ ಹೇಳವ್ವ, ಅಪ್ಪ ತಳಿ ಠಾಣೆಗೆ ಹೋಗವ್ರೆ ಅಂತ."

ಜೀಪಿನಲ್ಲಿ ಕೂತ ಮೇಲೆ ಅಶ್ವತ್ಥಪ್ಪ ಕೇಳಿದರು. "ನೀವೇನಾ?"

"ನಾನೇ ಸಾರ್."

"ಒಬ್ರೇನಾ?"

"ಒಬ್ನೇ. ಸ್ಪ್ಯಾನರ್ ನಂದೇ."

"ಧಾರಾವಾಹಿ ಮಾಡೋಕೆ ಒಪ್ಪಿ ಕರಾರಿಗೆ ಸಹಿ ಹಾಕಿದ್ರಲ್ಲ?"

"ಬದಲಾಯಿಸಬೋದು ಅಂತ ಅದ್ರಾಗೆ ಬರೆದಿತ್ತಂತೆ. ಟೀವೀಲಿ ಬತ್ತದೆ ಅನ್ನೋ ಖುಷೀಲಿ ನಾನು ಓದಲಿಲ್ಲ." ತಾವೇ ಮುಂದುವರಿಸಿದರು. "ಶ್ಯಾಮಲಂಗೆ ಏಳು ವರ್ಷ ಇದ್ದಾಗ ಕಾಲಿಗೆ ಆಪರೇಷನ್ ಆಯ್ತು. ಆಸ್ಪತ್ರೇಲಿ ಅಳ್ತಾ ಇದ್ಲು, ಸಮಾಧಾನಕ್ಕೆ ಚಂದ್ರಿ ಕತೆ ಹೇಳ್ದೆ. ಕೊನೇಗೆ ಚಂದ್ರಿ ಕಾಲು ಸರಿ ಹೋಗ್ತದಾ ಅಪ್ಪ ಅಂದ್ಲು. ಇಲ್ಲಮ್ಮ, ಹಂಗೇ ಗೆಲ್ತಾಳೆ ಅಂದೆ. ಆ ಮಾತು ಉಳಿಸ್ಕೊಳ್ಳೋಕೆ ಐದು ಪುಸ್ತಕ ಬರೆದೆ. ಈಗ ನನ್ನಂಥೋಳು ಟೀವೀಲಿ ಬತ್ತಾಳೆ ಅಂತ ಕಾಲೇಜಿಗೆಲ್ಲ ಹೇಳ್ಕೊಂಡವಳೆ. ಧಾರಾವಾಹೀನೇ ನಿಂತೋದ್ರೆ ಅವಳು ಇದನ್ನ ನೋಡೋದು ತಪ್ತದೆ ಅನ್ಕೊಂಡೆ. ಅವಳಿಗೆ ಗೊತ್ತಾಗೋದು ಬ್ಯಾಡ ಸಾರ್."

ಠಾಣೆಗೆ ಬರುವಷ್ಟರಲ್ಲಿ ವೇಣುವಿನ ಫೋನು ಬಂತು. ಬಡಗಿಗಳು ನಾಳೆ ಸಂಜೆಗೇ ಆಶ್ರಮ ಮತ್ತೆ ನಿಲ್ಲಿಸುತ್ತಾರಂತೆ. ಚೌಕಟ್ಟಿನ ಒಂದು ಮರವೂ ಮುರಿದಿಲ್ಲವಂತೆ. ಅಶ್ವತ್ಥಪ್ಪ ಅದನ್ನು ರಾಮಚಂದ್ರಪ್ಪನವರಿಗೆ ತಿಳಿಸಿದರು.

ಸಂಜೆ ಆರೂವರೆಗೆ ಹೇಳಿಕೆ ತಮಿಳಿನಲ್ಲಿ ಸಿದ್ಧವಾಯಿತು. ರಾಮಚಂದ್ರಪ್ಪನವರಿಗೆ ತಮಿಳು ಓದಲು ಬರದು. ಅಶ್ವತ್ಥಪ್ಪ ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದರು. ಓದುವ ಮೊದಲು ಹೊರಗಿನ ಬೆಂಚಿನ ಮೇಲೆ ಯಾರಿದ್ದಾರೆಂದು ನೋಡಬೇಕಿತ್ತು. ದಣಿದ ಮನುಷ್ಯ, ನೋಡಲಿಲ್ಲ.

ಓದಿ ಮುಗಿಯುವಷ್ಟರಲ್ಲಿ ಕಬ್ಬಿಣದ ಪಟ್ಟಿಯ ಸದ್ದು ಬಾಗಿಲವರೆಗೆ ಬಂತು. ಜಾಮೀನಿಗೆಂದು ತಾಯಿಯ ಜೊತೆ ಬಂದಿದ್ದ ಶ್ಯಾಮಲಾ ಹೊಸ್ತಿಲಲ್ಲಿ ನಿಂತಿದ್ದಳು. ರಾಮಚಂದ್ರಪ್ಪ ಮುಖ ಮುಚ್ಚಿಕೊಂಡರು.

"ನಂಗೊತ್ತಿತ್ತಪ್ಪ," ಅಂದಳು. "ಜಾಹೀರಾತಲ್ಲಿ ಅವಳು ಓಡ್ತಾಳೆ. ನೀನು ನೋಡಿದ್ರೆ ನೊಂದ್ಕೊಂತೀಯ ಅಂತ, ಅದು ಬಂದಾಗೆಲ್ಲ ಚಾನಲ್ ತಿರುಗಿಸ್ತಿದ್ದೆ."

ಅವರು ತಲೆ ಎತ್ತಿದರು. "ನೀನು ಕ್ರಿಕೆಟ್ ನೋಡಕ್ಕೆ ತಿರುಗಿಸ್ತಾ ಇದ್ದೆ ಅನ್ಕೊಂಡಿದ್ನಲ್ಲವ್ವ."

"ನಂಗೆ ಯಾವತ್ತಪ್ಪ ಕ್ರಿಕೆಟ್ ಇಷ್ಟ ಇತ್ತು?"