ಹೃದಯದ ನಡುಗೋಡೆ

"ನಿಮ್ಮ ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ತೀರ್ಕೊಂಡಿದ್ದಾರಾ?"

ಡಾಕ್ಟರ್ ಕೇಳಿದ್ದು ಶೌಕಿಯನ್ನು. ಎದೆ ಝಲ್ಲೆಂದದ್ದು ಅವನೊಂದಿಗೆ ಮದುವೆ ನಿಶ್ಚಯವಾಗಿದ್ದ ನವ್ವಾರಾಳಿಗೆ.

"ಯಾರೂ ಇಲ್ಲ ಡಾಕ್ಟ್ರೇ," ಎಂದರು ಶೌಕಿಯ ತಾಯಿ. "ಇವನಿಗೆ ಬರೀ ಬಿ.ಪಿ. ಉಪ್ಪುಮೀನು ಕಂಡ್ರೆ ತಟ್ಟೇನೂ ಬಿಡಲ್ಲ."

"ಬಿ.ಪಿ.ಯಿಂದ್ಲೂ ಹೃದಯದ ಗೋಡೆ ದಪ್ಪ ಆಗುತ್ತಮ್ಮಾ. ಆದ್ರೆ ಹೆಚ್ಚಾಗಿ ಎಲ್ಲಾ ಕಡೆ ಒಂದೇ ಸಮ. ಸ್ಕ್ಯಾನ್ ನೋಡಿದ್ರೆ ಇವರಿಗೆ ನಡುಗೋಡೆ ಮಾತ್ರ ದಪ್ಪ ಆಗಿದೆ. ಬಿ.ಪಿ. ಅಷ್ಟೇನೂ ಇಲ್ಲ. ವಂಶದಿಂದ ಬಂದಿದ್ರೆ ಚಿಕಿತ್ಸೆಯ ದಾರಿನೇ ಬೇರೆ. ಯೋಚಿಸಿ ಹೇಳಿ."

ಡಾಕ್ಟರ್ ಪಕ್ಕದ ಕೋಣೆಗೆ ಹೋದರು.

ಈಗ ಶೌಕಿ ದುಡಿಯುವ ದಮಿಯೆತ್ತ ಪಟ್ಟಣದ ಮರಗೆಲಸದ ಕಾರ್ಖಾನೆಯಲ್ಲೇ ಅವನ ತಂದೆ ಚಿಕ್ಕ ವಯಸ್ಸಿನಲ್ಲಿ ಬೀರು ಎತ್ತುತ್ತಲೇ ಕುಸಿದು ಸತ್ತಿದ್ದರು. ಯಾರದೋ ಕೆಟ್ಟ ಕಣ್ಣು ಬಿತ್ತೆಂದು ಬೀದಿಯೆಲ್ಲ ನಂಬಿತ್ತು. ಕಣ್ಣು ಬಿದ್ದದ್ದನ್ನು ಯಾರು ಕಾಯಿಲೆ ಎನ್ನುತ್ತಾರೆ?

"ಅತ್ತೇ... ಮಾವನ ವಿಷಯ ಹೇಳಬೇಕಲ್ವಾ?" ಎಂದಳು ನವ್ವಾರಾ.

"ಬಾಯಿ ಮುಚ್ಚು ಮಗಳೇ. ವಂಶದ ರೋಗ ಅಂತಾದ್ರೆ ನನ್ನ ಇಬ್ಬರು ಹುಡುಗೀರನ್ನ ಯಾರು ಕೇಳ್ತಾರೆ? ನಿಮ್ಮಪ್ಪನೇ ನಿನ್ನನ್ನ ಕೊಡ್ತಾನಾ?"

ಶೌಕಿ ತಲೆ ತಗ್ಗಿಸಿದ.

ಮಾತಾಡಿದರೆ ಮದುವೆ ಮುರಿಯುತ್ತದೆ, ನವ್ವಾರಾ ಯೋಚಿಸಿದಳು. ಸುಮ್ಮನಿದ್ದರೆ... ನಾಳೆ ಇವನೂ ಬೀರು ಎತ್ತುತ್ತಾನೆ. ಯಾವ ಕಡೆ ಹೆಜ್ಜೆಯಿಟ್ಟರೂ ಗೋಡೆ.

ಡಾಕ್ಟರ್ ಮರಳುತ್ತಲೇ ಅವಳು ಎಲ್ಲವನ್ನೂ ಹೇಳಿಬಿಟ್ಟಳು.

"ಹಾಗಾದ್ರೆ ಭಾರ ಎತ್ತೋದು ಇವತ್ತಿಂದಲೇ ನಿಲ್ಲಿಸಿ," ಎಂದರು ಡಾಕ್ಟರ್. "ಇನ್ನೂ ಪರೀಕ್ಷೆಗಳಿವೆ. ತಂಗಿಯರನ್ನೂ ನೋಡಬೇಕು."

ತಾಯಿ ಅಳುತ್ತ ಹೊರಗೆ ಹೋದರು.

ಶೌಕಿ ನವ್ವಾರಾಳತ್ತ ನೋಡಲಿಲ್ಲ. "ತಪ್ಪಿಸ್ಕೊಳ್ಳೋಕೆ ಒಳ್ಳೆ ದಾರಿ ಸಿಕ್ತು ನಿನಗೆ. ಹೋಗಿ ನಿಮ್ಮಪ್ಪನಿಗೆ ಹೇಳು."

"ಹೇಳ್ತೀನಿ. ಆಮೇಲೆ ನಿನ್ನನ್ನೇ ಮದುವೆ ಆಗ್ತೀನಿ ಅಂತಾನೂ ಹೇಳ್ತೀನಿ."

ಅವನು ಅವಳತ್ತ ತಿರುಗಿದ. "ಮಕ್ಕಳಿಗೂ ಬಂದ್ರೆ?"

"ಬಂದ್ರೆ ನಮಗೆ ಮೊದಲೇ ಗೊತ್ತಿರುತ್ತೆ, ಶೌಕಿ. ನಿಮ್ಮಪ್ಪನಿಗೆ ಗೊತ್ತಿರಲಿಲ್ಲ."

ಬಾಗಿಲು ಸರಿಯಿತು. ತಾಯಿ ಮುಖ ಒರೆಸಿಕೊಳ್ಳುತ್ತ ನಿಂತಿದ್ದರು. "ಡಾಕ್ಟ್ರೇ... ಹುಡುಗೀರನ್ನ ಯಾವತ್ತು ಕರ್ಕೊಂಡು ಬರ್ಲಿ?"

ನವ್ವಾರಾ ಶೌಕಿಯ ಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

"ನಾನಿನ್ನು ಒಂದು ಬೀರೂ ಎತ್ತೋ ಹಾಗಿಲ್ಲ," ಎಂದ ಮೆಲ್ಲಗೆ.

"ಕೂತು ಕೆತ್ತನೆ ಮಾಡು. ಎತ್ತೋಕೆ ನಾನಿದ್ದೀನಿ."

"ನೀನಾ? ಅಕ್ಕಿ ಚೀಲ ನೋಡಿದ್ರೇನೇ ಸುಸ್ತಾಗ್ತೀಯ."

"ಹಾಗಾದ್ರೆ ಇಬ್ಬರೂ ಕೂತೇ ಇರೋಣ... ತುಂಬಾ ವರ್ಷ."